ಮದ್ದಿನಮನೆಗೆ ಬಿದ್ದ ಮೊದಲ ಗುಂಡು

ಮೊದಲ ಗುಂಡೇ ಮದ್ದಿನಮನೆಗೆ ಬಿತ್ತು.

ಗುರಿ ನೋಡಲೆಂದು ಹಾರಿಸಿದ್ದಲ್ಲ, ಅದೃಷ್ಟಕ್ಕೆ ತಗುಲಿದ್ದೂ ಅಲ್ಲ. ಪಕ್ಕದ ದಿಬ್ಬದಿಂದ ಬಂದದ್ದು ಕೋಟೆಯ ಹಿಂಬದಿಯಲ್ಲಿ ಎರಡು ಗೋಡೆ ಸೇರುವ ಸಂದಿಗೇ ನೇರ ನುಗ್ಗಿತು. ಅಲ್ಲಿ ಮದ್ದು ತುಂಬಿಟ್ಟಿದ್ದಾರೆಂದು ಮೇಲೆ ಹಾರುವ ಹಕ್ಕಿಗೂ ತಿಳಿಯುವಂತಿರಲಿಲ್ಲ. ಕ್ಯಾಪ್ಟನ್ ಎವಾರಿಸ್ತೋ ಲಾಂದೆರೋ ಕಿವಿಯಲ್ಲಿ ರಕ್ತ ಸುರಿಸುತ್ತ ಎದ್ದು ನಿಂತಾಗ ಅರ್ಧ ಕೋಟೆ ಆಕಾಶದಲ್ಲಿತ್ತು. ಉಳಿದವರು ಗುಡ್ಡದಿಂದ ಜಾರಿಕೊಂಡು ಇಳಿದರು. ಮಧ್ಯಾಹ್ನದ ಹೊತ್ತಿಗೆ ಮೇಲೆ ಬೇರೆಯವರ ಬಾವುಟ ಹಾರುತ್ತಿತ್ತು.

ಯಾರೋ ಹೇಳಿದ್ದಾರೆ. ಮನೆಯವರೇ ಬಾಯಿ ಬಿಡದೆ ಹಂಡೆ ಹೂತ ಜಾಗ ಕಳ್ಳನಿಗೆ ತಿಳಿಯುವುದಿಲ್ಲ.

ಆ ಕೋಟೆ ಎವಾರಿಸ್ತೋನಿಗೆ ಬರಿ ಕಲ್ಲುಮಣ್ಣಲ್ಲ. ರಾಜಧಾನಿಯ ಸೈನಿಕ ಶಾಲೆಯಲ್ಲಿ ಕೊನೆಯ ವರ್ಷ ಅವನು ಬರೆದ ನಕ್ಷೆ ಅದು. ಉಳಿದ ವಿದ್ಯಾರ್ಥಿಗಳೆಲ್ಲ ತಮ್ಮ ತಮ್ಮ ನಕ್ಷೆ ಸುತ್ತಿಕೊಂಡು ಮನೆಗೆ ಹೋದರು. ಅವನದನ್ನು ಮಾತ್ರ ನಕ್ಷೆಪಾಠದ ಮೇಷ್ಟರು ದೋನ್ ಅನ್ಸೆಲ್ಮೋ ಕೊಡಲಿಲ್ಲ. "ಇದು ಇಲ್ಲೇ ಇರಲಿ ಮಗಾ. ಮುಂದಿನ ಹುಡುಗರು ಇದರಿಂದ ಕಲಿಯೋದು ಬಹಳ ಇದೆ," ಎಂದಿದ್ದರು. ಆಮೇಲೆ ದೇಶ ಎರಡು ಹೋಳಾಯಿತು, ಒಂದೇ ಶಾಲೆಯವರು ಎರಡೂ ಕಡೆ ಹಂಚಿಹೋದರು. ಅವನ ಪಾಲಿಗೆ ಈ ಗುಡ್ಡ ಬಂದಾಗ ಏನು ಕಟ್ಟಬೇಕೆಂದು ಅವನು ಯೋಚಿಸಲೇ ಇಲ್ಲ; ಆ ನಕ್ಷೆ ಅವನಿಗೆ ಬಾಯಿಪಾಠವಾಗಿತ್ತು.

ಕಟ್ಟಿಸಿದವನು ಸಾರ್ಜೆಂಟ್ ಮಕಾರಿಯೋ ತೋವಾರ್. "ಕಾಗದದ ಕೋಟೆಗೆ ಬೆವರು ಬೇಕಿಲ್ಲ ನೋಡು," ಎಂದು ಅಣಕಿಸುತ್ತಲೇ ಕಲ್ಲು ಹೊತ್ತಿದ್ದ. ಅವನ ಮಗನಿಗೆ ಜ್ಞಾನಸ್ನಾನವಾದಾಗ ಮಗುವನ್ನು ಎತ್ತಿಕೊಂಡು ಧರ್ಮತಂದೆಯಾಗಿ ನಿಂತವನು ಎವಾರಿಸ್ತೋ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ. ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು. ಮದ್ದಿನಮನೆಯ ಬೀಗದ ಕೈ ಒಂದು ಎವಾರಿಸ್ತೋನ ಸೊಂಟದಲ್ಲಿ, ಇನ್ನೊಂದು ಮಕಾರಿಯೋನ ಕೊರಳಲ್ಲಿ. ಬೇರೆ ಯಾರಿಗೂ ಒಳಗೆ ಕಾಲಿಡಲು ಬಿಡುತ್ತಿರಲಿಲ್ಲ.

ಅಂದು ಸಂಜೆ ಒಬ್ಬ ಜಮೀನ್ದಾರನ ಕಣಜದಲ್ಲಿ ವಿಚಾರಣೆ ನಡೆಯಿತು.

"ನಿನ್ನೆ ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿದ ಎವಾರಿಸ್ತೋ.

"ಊರಿಗೆ," ಎಂದ ಮಕಾರಿಯೋ.

"ಶತ್ರು ಕೂತಿರೋ ಊರಿಗೆ."

"ನನ್ನ ಮಗ ಮಲಗಿರೋ ಊರಿಗೆ, ಕೊಂಪಾದ್ರೆ. ಜ್ವರ ನೆತ್ತಿಗೇರಿದೆ ಅಂತ ಸುದ್ದಿ ಬಂತು. ಇದ್ದಿಲು ಮಾರೋನ ಹಾಗೆ ಹೋಗಿ ಔಷಧಿ ಕೊಟ್ಟು ಬಂದೆ."

"ನನ್ನ ಕೇಳಲಿಲ್ಲ."

"ಕೇಳಿದ್ರೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಎಷ್ಟಕ್ಕೆ ಮಾರಿದೆ?"

"ಇದ್ದಿಲನ್ನಾ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ನಗು ಕೇಳಿದ್ದೇ ಎವಾರಿಸ್ತೋನ ಎದೆ ಕಲ್ಲಾಯಿತು. ಮದ್ದಿನಮನೆಯ ಬಳಿ ಕಾವಲಿದ್ದವರದು ಹೂಳಲು ಏನೂ ಸಿಕ್ಕಿರಲಿಲ್ಲ; ಇವನಿಗೆ ತಮಾಷೆ.

ಬೆಳಗ್ಗೆ ಕಣಜದ ಗೋಡೆಗೆ ನಿಲ್ಲಿಸಿದಾಗ ಮಕಾರಿಯೋ ಒಂದೇ ಮಾತು ಕೇಳಿದ. "ಮಗೂಗೆ ಏನಂತ ಹೇಳ್ತೀಯ?"

ಎವಾರಿಸ್ತೋ ಬಂದೂಕಿನವರತ್ತ ತಿರುಗಿದ. ಆಜ್ಞೆ ಕೊಟ್ಟ.

ಹೆಣ ಒಯ್ಯಲು ಮಕಾರಿಯೋನ ಹೆಂಡತಿ ಯುಲಾಲಿಯಾ ಹೇಸರಗತ್ತೆ ಹಿಡಿದುಕೊಂಡು ಬಂದಳು. ಅಳಲಿಲ್ಲ, ಶಪಿಸಲಿಲ್ಲ. "ಮಗು ಕಣ್ಣು ಬಿಡ್ತು, ಕೊಂಪಾದ್ರೆ. ಅಪ್ಪ ಎಲ್ಲಿ ಅಂತ ಕೇಳ್ತಿದೆ," ಎಂದಷ್ಟೇ ಹೇಳಿ ಹಗ್ಗ ಬಿಗಿದಳು. ದ್ರೋಹಿಗೂ ಕಾಯಿಲೆಯ ಮಗು ಇರಬಾರದೆಂದೇನಿಲ್ಲ, ಎಂದುಕೊಂಡ ಎವಾರಿಸ್ತೋ. ದಿನವೂ ಹಾಗೆ ಅಂದುಕೊಳ್ಳಬೇಕಾಗಿ ಬಂತು. ಬೆನ್ನಿಗೆ ಇರಿದವನು ಯಾರೋ ಆಗಿದ್ದರೆ ಗಾಯ ಮಾಯುತ್ತಿತ್ತು. ಇವನು ಮಾಯಲು ಬಿಡಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಕಣಿವೆಯ ಕಾಳಗದಲ್ಲಿ ಶತ್ರುಗಳ ಫಿರಂಗಿ ದಳದ ಯುವ ಲೆಫ್ಟಿನೆಂಟ್ ಒಬ್ಬ ಕಾಲು ಮುರಿದುಕೊಂಡು ಸೆರೆ ಸಿಕ್ಕ. ಹೆಸರು ಲೆಯಾಂದ್ರೋ ಸುಬಿಯೇತಾ. ಅದೇ ಸೈನಿಕ ಶಾಲೆಯವನು ಎಂದು ತಿಳಿದದ್ದೇ ಎವಾರಿಸ್ತೋ ಬಿಸಿ ಚಾಕೊಲೇಟ್ ತರಿಸಿ ಅವನ ಪಕ್ಕದಲ್ಲಿ ಕುಳಿತ.

"ದೋನ್ ಅನ್ಸೆಲ್ಮೋ ಹೇಗಿದ್ದಾರೆ?"

"ಹಾಗೇ. ಮೂಗಿನ ತುದಿಗೆ ಮಸಿ, ಬಾಯಿ ತುಂಬ ಬೈಗಳು."

ಇಬ್ಬರೂ ನಕ್ಕರು. ಎಷ್ಟೋ ತಿಂಗಳ ಮೇಲೆ ಎವಾರಿಸ್ತೋ ನಕ್ಕಿದ್ದ. ಆಮೇಲೆ ಮೆಲ್ಲನೆ ಕೇಳಿದ:

"ಗುಡ್ಡದ ಕೋಟೆಗೆ ಆ ಮೊದಲ ಗುಂಡು ಹಾರಿಸಿದ್ದು ಯಾರು?"

"ನಾನೇ, ಕ್ಯಾಪ್ಟನ್."

"ಜಾಗ ಹೇಳಿಕೊಟ್ಟವನ ಹೆಸರು ಹೇಳು. ಅವನು ಸತ್ತಿದ್ದಾನೆ, ಇನ್ನೇನೂ ಆಗೋದಿಲ್ಲ. ನನಗೆ ನಿನ್ನ ಬಾಯಲ್ಲಿ ಕೇಳಬೇಕು."

ಲೆಯಾಂದ್ರೋ ಬಟ್ಟಲು ಕೆಳಗಿಟ್ಟು ಅವನನ್ನೇ ನೋಡಿದ.

"ಯಾರೂ ಹೇಳಿಕೊಡ್ಲಿಲ್ಲ. ದುರ್ಬೀನು ಹಿಡಿದು ನೋಡಿದೆ, ಗುರುತು ಸಿಕ್ತು. ಇದೇ ಕೋಟೆ ನಮ್ಮ ತರಗತಿ ಗೋಡೆ ಮೇಲೆ ತೂಗುಹಾಕಿದೆ. ಯಾವನೋ ಹಳೇ ವಿದ್ಯಾರ್ಥಿ ಬರೆದದ್ದಂತೆ. ಪಾಪ, ಅವನ ಮಾನ ಹೋಗದಿರಲಿ ಅಂತ ಮೇಷ್ಟ್ರು ಹೆಸರಿನ ಮೇಲೆ ಕಾಗದ ಅಂಟಿಸಿದ್ದಾರೆ.

"ಪ್ರತಿ ವರ್ಷ ಪರೀಕ್ಷೆಗೆ ಮೊದಲ ಪ್ರಶ್ನೆ ಅದೇ, ಕ್ಯಾಪ್ಟನ್: ಈ ಕೋಟೆಯನ್ನ ಒಂದೇ ಗುಂಡಿನಲ್ಲಿ ಕೆಡವೋದು ಹೇಗೆ?"