ಕಿವಿ ಕೇಳದ ಹುಡುಗಿ

“ಹೆರಿಗೆ ಪುಸ್ತಕ ಯಾರ್ಯಾರಿಗೋ ತೋರಿಸೋ ಹಾಗಿಲ್ಲಮ್ಮ. ಹೆತ್ತವಳು ಬರಬೇಕು, ಇಲ್ಲಾ ಹುಟ್ಟಿದ ಮಗು ಬರಬೇಕು. ನೀವು ಹೆತ್ತವರಾ?”

ಹಿಂದೊಮ್ಮೆ ಇದೇ ಕಿಟಕಿಯಲ್ಲಿ ಹೆರಿಗೆ ಆಸ್ಪತ್ರೆಯ ಗುಮಾಸ್ತ ಕೇಳಿದ್ದ. ಅವಳು “ಮಗುವಿನ ಅಕ್ಕ” ಎಂದಿದ್ದಳು. ಈ ಸಲ ಹುಟ್ಟಿದ ಮಗುವನ್ನೇ, ತಂಗಿಯನ್ನೇ, ಕರೆತಂದಿದ್ದಳು.

ತಂಗಿ ಗುರುತಿನ ಚೀಟಿಯನ್ನು ಒಳಗೆ ತಳ್ಳಿದಳು. ಗುಮಾಸ್ತ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಪಾಟುಗಳ ಕಡೆ ಹೊರಟ. ಅವನ ಚಪ್ಪಲಿಗೂ ಅವಸರವಿರಲಿಲ್ಲ.

“ಯಾಕೆ ಇಷ್ಟು ಹೆದರ್ತಿದೀಯ? ನಾನು ದತ್ತು ತಂದ ಮಗು ಅಂತ ಗೊತ್ತಾದ್ರೆ ನಿನ್ನ ಬಿಟ್ಟು ಹೋಗ್ತೀನಿ ಅಂತಾನಾ?”

“ಏನೇ ಬರಲಿ, ಓದು. ಜೋರಾಗಿ ಓದು,” ಎಂದಳು ಅಕ್ಕ.

ಸಂಶಯದ ಬೀಜ ಬಿತ್ತಿದವಳು ಸೋದರತ್ತೆ. ಅಮ್ಮ ತೀರಿಕೊಂಡ ದಿನ, ಮನೆಯವರ ಅಳು ನಿಲ್ಲುವ ಮೊದಲೇ, “ಆ ವಯಸ್ಸಲ್ಲಿ ಬಸುರಿ ಅಂದ್ರೆ ಯಾರು ನಂಬ್ತಾರೆ? ಎಲ್ಲಿಂದಲೋ ತಂದ್ಲು ನಿನ್ನ,” ಎಂದು ತಂಗಿಯ ಕಿವಿಯಲ್ಲಿ ಊದಿದ್ದಳು. ಆ ಚಾಡಿಕೋರ ನಾಲಗೆಗೆ ಅಕ್ಕ ಜೀವಮಾನದಲ್ಲಿ ಮೊದಲ ಸಲ ಮನಸ್ಸಿನಲ್ಲೇ ಕೈ ಮುಗಿದಳು.

ಏಕೆಂದರೆ ಹೆತ್ತವಳು ಅವಳೇ. ಶಾಲೆಯ ಸಮವಸ್ತ್ರ ಬಿಡುವ ಮೊದಲೇ ಅವಳು ಬಸುರಿಯಾದಾಗ, ಅಮ್ಮ ಅವಳನ್ನು ಕೋಣೆಯಲ್ಲಿ ಕೂಡಿಹಾಕಿ, ತನ್ನ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಬೀದಿಯಲ್ಲೆಲ್ಲ ಓಡಾಡಿದಳು. ಆಮೇಲೆ ಪರವೂರಿನ ಈ ಆಸ್ಪತ್ರೆ. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಅಮ್ಮ ಒಬ್ಬಳೇ ಕಿಟಕಿಗೆ ಹೋಗಿ ಬೇಕಾದ್ದನ್ನೆಲ್ಲ ಬರೆಸಿ ಬಂದಳು. ಸ್ವಲ್ಪ ಹೊತ್ತಿಗೆ ದಾದಿ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿದಳು. ಮತ್ತೆ ಕೂಗಿದಳು. ಹುಡುಗಿ ನೋವಿನಲ್ಲಿ ಹಲ್ಲು ಕಚ್ಚಿ ಕೂತೇ ಇದ್ದಳು. ಅಮ್ಮ ಅವಳ ತೊಡೆ ಚಿವುಟಿ, “ನಿನ್ನನ್ನೇ, ಏಳು,” ಎಂದಳು.

“ಏನಮ್ಮ, ಕಿವಿ ಕೇಳಲ್ವಾ? ಎಷ್ಟು ಸಲ ಕರೆಯೋದು?” ಎಂದು ದಾದಿ ಬೈದು ಒಳಗೆ ಕರೆದೊಯ್ದಳು.

ಮರಳುವಾಗ ಮಗು ಅಮ್ಮನ ಮಡಿಲಲ್ಲಿತ್ತು. “ಈ ಮಾತು ನಿನ್ನ ಬಾಯಿಂದ ಬಂದ್ರೆ, ಈ ಕೂಸಿನ ಮೇಲೆ ಆಣೆ,” ಎಂದಳು ಅಮ್ಮ. ಅಂದಿನಿಂದ ಅವಳ ಬಾಯಿಗೆ ಬೀಗ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ದುಡಿದು ತಂಗಿಯನ್ನು ಓದಿಸಿದಳು. ಜ್ವರ ಬಂದಾಗ ಪಕ್ಕದಲ್ಲೇ ಕೂತಿರುತ್ತಿದ್ದಳು. ಕಣ್ಣು ಬಿಟ್ಟ ಮಗು “ಅಮ್ಮಾ” ಎಂದು ಬೇರೆಯವಳನ್ನು ಕರೆದಾಗ ಎದ್ದು ಜಾಗ ಬಿಡುತ್ತಿದ್ದಳು. ಹೊಟ್ಟೆಯ ಸಂಕಟ ಹೊಟ್ಟೆಯಲ್ಲೇ ಉಳಿದು ತಲೆ ನರೆಯಿತು. ಅಮ್ಮ ಸತ್ತಳು, ಆಣೆ ಸಾಯಲಿಲ್ಲ. ಆದರೆ ಆಣೆ ಇದ್ದದ್ದು ಅವಳ ಬಾಯಿಗೆ. ಆಸ್ಪತ್ರೆಯ ಕಾಗದಕ್ಕೆ ಯಾರೂ ಆಣೆ ಹಾಕಿರಲಿಲ್ಲವಲ್ಲ! ಆ ಒಂದು ಆಸೆಯ ಮೇಲೆ ಅವಳು ಜೀವ ಹಿಡಿದುಕೊಂಡಿದ್ದಳು.

ಗುಮಾಸ್ತ ಧೂಳು ಕೊಡವುತ್ತ ಬಂದು ಹಳೆಯ ದಪ್ಪ ಪುಸ್ತಕವನ್ನು ಬಿಚ್ಚಿ ಇಟ್ಟ. ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸಿದ ಗಾಜನ್ನೇ ಮತ್ತೆ ಒರೆಸಿದಳು.

ತಂಗಿಯ ಬೆರಳು ಪುಟದ ಮೇಲೆ ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತಿತು. ಅವಳ ಕಣ್ಣು ತುಂಬಿ ಬಂತು.

“ಓದು,” ಎಂದಳು ಅಕ್ಕ.

“ಅಮ್ಮನ ಹೆಸರೇ ಇದೆ ಕಣೇ. ಹೆತ್ತವಳು ಅಮ್ಮನೇ. ಆ ಅತ್ತೆ ಬಾಯಿಗೆ ಮಣ್ಣು ಹಾಕ!” ತಂಗಿ ಮೂಗು ಒರೆಸಿಕೊಂಡು ನಗಲು ನೋಡಿದಳು. “ನಿಜ ಹೇಳ್ಲಾ ಅಕ್ಕ? ನೀನೇ ಆಗಿರ್ಬಾರ್ದಾ ಅಂತ ಒಂದು ಹುಚ್ಚು ಆಸೆ ಇತ್ತು ನಂಗೆ.”

ಅಕ್ಕನಿಗೆ ಈಗ ನೆನಪಾಯಿತು: ಅಂದು ಬಾಗಿಲಲ್ಲಿ ನಿಂತು ದಾದಿ ಮತ್ತೆ ಮತ್ತೆ ಕೂಗಿದ್ದು ಅಮ್ಮನ ಹೆಸರನ್ನು.