ಬಲು ಅಪರೂಪದ ಕೀವು

ಓದಿದವರ ಕೆಲಸದಲ್ಲಿ ಓದದವರು ಬಾಯಿ ಹಾಕುವುದು ಅಧಿಕಪ್ರಸಂಗವೇ. ಆದರೂ ಹೇಳದೆ ಇರಲಾಗುತ್ತಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ತಲೆಯೆತ್ತಿ ತಲೆಯೆತ್ತಿ ಚಾವಣಿಗಳಿಗೆ ಬಣ್ಣ ಬಳಿದು ಕತ್ತು ಸವೆಸಿಕೊಂಡಿದ್ದ ಮೇಸ್ತ್ರಿಗೆ, ಕತ್ತಿನ ಮೂಳೆಯ ಆಪರೇಷನ್ ಆದ ಮೂರನೆಯ ವಾರ ಚಳಿಜ್ವರ ಹಿಡಿಯಿತು. ಹೆಂಡತಿ ಅವನನ್ನು ಕರೆತಂದು ಆಪರೇಷನ್ ಮಾಡಿದ್ದ ಡಾಕ್ಟರ ಮುಂದೆಯೇ ಕೂರಿಸಿದಳು.

ಡಾಕ್ಟರು ಹಿಂಗತ್ತಿನ ಗಾಯ ನೋಡಿ, ತನ್ನ ಅಕ್ಷರಕ್ಕೆ ತಾನೇ ಮರುಳಾದ ಹುಡುಗನಂತೆ ಹಿಗ್ಗಿದರು.

"ನೋಡಮ್ಮಾ, ಹೊಲಿಗೆ ಹೇಗೆ ಕೂಡಿದೆ! ನಾಳೆ ಗುರುತೂ ಸಿಗಲ್ಲ."

"ಹೊಲಿಗೆಗೇನು ಸಾರ್, ಚಿನ್ನದಂಥಾದ್ದು. ಒಳಗೆ ಕುದೀತಿದೆ ಅಂತಾರೆ ಇವರು. ಬಲಗೈಲಿ ಲೋಟ ನಿಲ್ತಿಲ್ಲ. ಒಳಗೇನಾದ್ರೂ ಕೀವು..."

"ಅಷ್ಟು ಆಳದಲ್ಲಿ ಕೀವಾ? ಅದು ಬಹಳ ಅಪರೂಪ."

"ಅಪರೂಪ ಅಂದ್ರೆ ಬರೋದೇ ಇಲ್ಲ ಅಂತಾನಾ? ನಮ್ಮ ಭಾವನೂ ಅಪರೂಪವೇ ಸಾರ್. ಬಂದ್ರೆ ತಿಂಗಳುಗಟ್ಟಲೆ ಏಳಲ್ಲ."

"ನಮ್ಮಣ್ಣನ ಸುದ್ದಿ ಇಲ್ಯಾಕೇ?" ಎಂದು ಮೇಸ್ತ್ರಿ ನಡುಗುತ್ತಲೇ ಗೊಣಗಿದ.

ಡಾಕ್ಟರು ನಕ್ಕರು. ಅಪರೂಪದ್ದಕ್ಕೆಲ್ಲ ಸ್ಕ್ಯಾನ್ ಮಾಡಿಸುತ್ತಾ ಕೂತರೆ ಆಸ್ಪತ್ರೆ ನಡೆದಹಾಗೇ ಎಂದರು. ಜ್ವರದ ಮಾತ್ರೆ ಬರೆದರು, ಧೈರ್ಯವನ್ನೂ ಕೊಟ್ಟರು. ಮಾತ್ರೆ ಜ್ವರವನ್ನು ಒಂದು ದಿನ ಮುಚ್ಚಿಟ್ಟಿತು. ಅದರ ಮರುದಿನ ಮೇಸ್ತ್ರಿ ನಡೆದು ಬಂದಿದ್ದ ಬಾಗಿಲಲ್ಲೇ ಸ್ಟ್ರೆಚರಿನ ಮೇಲೆ ಮಲಗಿ ಒಳಗೆ ಹೋದ. ಸ್ಕ್ಯಾನಿಗೆ ಅಪರೂಪ, ಮಾಮೂಲು ಎಂಬ ಭೇದ ತಿಳಿಯದು. ಬೆನ್ನುಹುರಿಯನ್ನು ಒತ್ತಿಕೊಂಡು ಕೂತಿದ್ದ ಕೀವನ್ನು ಇದ್ದ ಹಾಗೇ ತೋರಿಸಿಬಿಟ್ಟಿತು. ಆ ಚೆಂದದ ಹೊಲಿಗೆಯನ್ನು ಬಿಚ್ಚಿ, ಕತ್ತನ್ನು ಮತ್ತೆ ತೆರೆದು ತೊಳೆದರು.

ಜ್ವರ ಇಳಿದ ಮೇಲೆ ಡಾಕ್ಟರು ಶಿಷ್ಯರ ಹಿಂಡು ಕಟ್ಟಿಕೊಂಡು ಮಂಚದ ಬಳಿ ಬಂದರು. ಮುಖದಲ್ಲಿ ಮದುವೆಮನೆಯ ಕಳೆ.

"ನನ್ನ ಇಷ್ಟು ವರ್ಷದ ಸರ್ವೀಸಲ್ಲಿ ಇದೇ ಮೊದಲು! ಡಾಕ್ಟರುಗಳ ಸಮ್ಮೇಳನದಲ್ಲಿ ನಿಮ್ಮ ಯಜಮಾನರ ಕೇಸು ತೋರಿಸೋಣ ಅಂತಿದೀನಿ. ಅಭ್ಯಂತರ ಇಲ್ಲ ತಾನೇ?"

"ಯಾವುದನ್ನ ತೋರಿಸ್ತೀರಿ ಸಾರ್? ಒಳಗಿದ್ದಿದ್ದನ್ನೋ, ಹೊಲಿಗೆಯನ್ನೋ?" ಎಂದಳು ಹೆಂಡತಿ.

ಶಿಷ್ಯನೊಬ್ಬನಿಗೆ ಹಠಾತ್ತನೆ ಕೆಮ್ಮು ಬಂತು. ಡಾಕ್ಟರು ಆ ಮಾತು ತಮಗಲ್ಲವೆಂಬಂತೆ ಮೇಸ್ತ್ರಿಯತ್ತ ತಿರುಗಿ, ಅವನ ಬಲಗೈಗೆ ತಮ್ಮ ಎರಡು ಬೆರಳು ಕೊಟ್ಟರು.

"ಎಲ್ಲಿ, ಜೋರಾಗಿ ಒತ್ತಿ ನೋಡೋಣ."

ಮೇಸ್ತ್ರಿ ಹಲ್ಲು ಕಚ್ಚಿದ. ಹಣೆಯ ನರ ಉಬ್ಬಿತು. ಹೆಂಡತಿ ಅವನ ಕೈಯನ್ನಲ್ಲ, ಡಾಕ್ಟರ ಮುಖವನ್ನೇ ನೋಡುತ್ತಿದ್ದಳು.

"ಸಂಕೋಚ ಬೇಡ, ಒತ್ತಿ."

"ಒತ್ತುತ್ತಲೇ ಇದೀನಿ ಸಾರ್."

ಆ ಕೈಗೆ ಮುಂದೆ ಬಲ ಬಂತೋ ಇಲ್ಲವೋ, ತಿಳಿಯದು.