ತಾಯವ್ವನ ಭಾಗಾಕಾರ

"ಸರ, ನನ್ನ ಮಗಳನ್ನ ನಾಪಾಸ ಮಾಡ್ರಿ."

ಮೂರನೇ ಇಯತ್ತೆಯ ಫಲಿತಾಂಶ ಓದಿ ಮುಗಿಸಿ, ಮಕ್ಕಳು ಹೋ ಎಂದು ಹೊರಗೆ ಓಡಿದ ಮೇಲೆ ಹಾಜರಿ ಪುಸ್ತಕ ಮಡಚುತ್ತಿದ್ದ ಬಸಲಿಂಗಪ್ಪ ಮಾಸ್ತರರು ತಲೆ ಎತ್ತಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಪಾಸು ಮಾಡಿರೆಂದು ಕೈ ಮುಗಿದವರನ್ನು, ಕಾಲಿಗೆ ಬಿದ್ದವರನ್ನು, ಒಮ್ಮೆ ಚೀಲದ ತುಂಬ ಸೌತೆಕಾಯಿ ಹೊತ್ತು ತಂದವರನ್ನೂ ಅವರು ಕಂಡಿದ್ದರು. ಇಂಥ ಮಾತು ಕೇಳಿದ್ದು ಇದೇ ಮೊದಲು. ಇಪ್ಪತ್ತೈದರ ಆಸುಪಾಸಿನ ಹೆಂಗಸೊಬ್ಬಳು ತಲೆಯ ಮೇಲೆ ಸೆರಗು ಹೊದ್ದು, ಮಗಳು ಮಂಜುಳಾಳ ರಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಪಾಸಾಗ್ಯಾಳಲ್ಲವ್ವಾ. ಖುಷಿ ಪಡೂದು ಬಿಟ್ಟು..."

"ಎದರಾಗ ಪಾಸರಿ? ಮೊನ್ನಿ ಸವದತ್ತಿ ಸ್ಟ್ಯಾಂಡಿನ್ಯಾಗ ಬಸ್ಸಿನ ಬೋರ್ಡ ಓದು ಅಂದ್ರ ನನ್ನ ಮಾರಿ ನೋಡಿದ್ಲು. ಬೈಲಹೊಂಗಲ ಅಂತ ಕಡೀಕ ನಾನಽ ಓದಿದ್ನಿ. ಐದನೇ ಇಯತ್ತೆ ನಾಪಾಸಾದಾಕಿ ನಾನು." ಆಕೆ ಹೊಸ್ತಿಲು ದಾಟಿ ಒಳಗೆ ಬಂದಳು. "ನೀವಽ ಮಾಡಿದ್ರಿ. ಗುರ್ತ ಹತ್ತಲಿಲ್ಲೇನ್ರಿ? ತಾಯವ್ವರಿ, ಹಣಮಂತಪ್ಪನ ಮಗಳು."

ಹೆಸರು ಕೇಳಿದ ಮೇಲೆ ಗುರುತು ಹತ್ತದೆ ಏನು? ಹೋದ ಜೂನ್‌ನಲ್ಲಿ ಮತ್ತೆ ಇದೇ ಊರಿಗೆ ವರ್ಗವಾದಾಗ ಅವರು ಒಳಗೊಳಗೇ ಅಂಜಿದ್ದು ಈ ಒಂದು ಭೇಟಿಗೇ. ತೊಂಬತ್ತೆರಡರ ಏಪ್ರಿಲ್ ಹತ್ತು ಕಣ್ಣ ಮುಂದೆ ಬಂತು. ಆಗೆಲ್ಲ ಫಲಿತಾಂಶದ ದಿನವೆಂದರೆ ಹಬ್ಬ. ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಕಾಗದದ ಪೊಟ್ಟಣದಲ್ಲಿ ಸಕ್ಕರೆ ಕಟ್ಟಿಕೊಂಡು ಬಂದು ಬೇವಿನ ಗಿಡದ ಬುಡದಲ್ಲಿ ಸಾಲಾಗಿ ಕೂಡುತ್ತಿದ್ದವು. ಹೆಸರು ಕೂಗಿದವರು ಎದ್ದು ಸಕ್ಕರೆ ಹಂಚಬೇಕು. ಕೂಗದವರು ಕುಳಿತೇ ಇರಬೇಕು. ಗಣಿತದಲ್ಲಿ ಎರಡೇ ಎರಡು ಅಂಕ ಕಡಿಮೆಯಾಗಿದ್ದ ತಾಯವ್ವನ ಹೆಸರನ್ನು ಅವರು ಕೂಗಲಿಲ್ಲ. ಇನ್ನೊಂದು ವರ್ಷ ಕೂತರೆ ಹುಡುಗಿ ಗಟ್ಟಿಯಾಗುತ್ತಾಳೆ ಎಂದು ಅವರು ಮನಸಾರೆ ನಂಬಿದ್ದರು. ಅಂಗಳವೆಲ್ಲ ಬರಿದಾದ ಮೇಲೂ ಆಕೆ ಒಬ್ಬಳೇ ಕೂತಿದ್ದಳು, ಮುಷ್ಟಿಯಲ್ಲಿ ಪೊಟ್ಟಣ ಹಿಡಿದುಕೊಂಡು.

ಜೂನ್‌ನಲ್ಲಿ ಶಾಲೆ ತೆರೆದಾಗ ಆಕೆ ಬರಲಿಲ್ಲ. "ನಾಪಾಸಾದ ಹುಡುಗೀನ ಮತ್ತ ಯಾಕ ಓದಸೂದ್ರಿ?" ಎಂದು ಹಣಮಂತಪ್ಪ ಮಗಳನ್ನು ಹೊಲಕ್ಕೆ ಹಚ್ಚಿದ್ದ. ನಾಲ್ಕು ವರ್ಷದ ಮೇಲೆ, ಮಾಸ್ತರರು ರಾಮದುರ್ಗದ ಕಡೆ ಇದ್ದಾಗ, ಆಕೆಯನ್ನು ಊರಲ್ಲೇ ಸೋದರಮಾವನಿಗೆ ಕೊಟ್ಟರೆಂಬ ಸುದ್ದಿ ಬಂತು. ಅಂದಿನಿಂದ ಅವರು ಯಾರನ್ನೂ ನಾಪಾಸು ಮಾಡಿರಲಿಲ್ಲ. ಎರಡು ಕಡಿಮೆ ಬಿದ್ದರೆ ಎರಡು, ಇಪ್ಪತ್ತು ಕಡಿಮೆ ಬಿದ್ದರೆ ಇಪ್ಪತ್ತು ಸೇರಿಸಿ ಮುಂದಕ್ಕೆ ದಾಟಿಸುತ್ತಿದ್ದರು. ತಾಯವ್ವನಿಗೆ ಮಾಡಿದ್ದು ಹೀಗಾದರೂ ತೀರಲಿ ಎಂದುಕೊಂಡಿದ್ದರು.

"ನಾಪಾಸ ಮಾಡಿದ್ದಕ್ಕ ನಿನ್ನ ಸಾಲಿ ಬಿಡಿಸಿದ್ರು. ಮತ್ತ ಅದನ್ನಽ ಮಾಡಂತಿಯಲ್ಲವಾ?" ಎಂದರು.

"ಬಿಡಿಸಿದ್ದು ನಮ್ಮಪ್ಪರಿ. ಈಕಿನ್ನ ನಾ ಬಿಡಸೂದಿಲ್ಲ."

"ಇನ್ನೊಂದು ವರ್ಷ ಅಲ್ಲೇ ಕೂಡ್ರಿಸಿದ್ರ ಕಲಿತಾಳಂತಿ ಏನು?"

ತಾಯವ್ವ ಮಗಳ ನೆತ್ತಿಯ ಮೇಲೆ ಕೈಯಾಡಿಸುತ್ತ ಹೇಳಿದಳು: "ಅದೂ ನನಗ ಗೊತ್ತಿಲ್ರಿ. ನನ್ನ ಕೂಡ್ರಿಸಿದ್ರಿ, ಎಲ್ಲಿ ತಪ್ಪೇನಿ ಅಂತ ತೋರಸಲಿಲ್ಲ. ಈಕಿನ್ನ ದಾಟಿಸಿದ್ರಿ, ಈಕಿಗೂ ತೋರಸಲಿಲ್ಲ. ಹೊಲದಾಗ ಕಳೆ ತಗಿಯಾಕ ಕುಂತಾಗೆಲ್ಲಾ ನನಗ ಅದಽ ಒಂದು ಲೆಕ್ಕ ತಲ್ಯಾಗ ತಿರಗತಿತ್ರಿ. ಯಾರನ್ನ ಕೇಳೂದು?"

ಮಾಸ್ತರರು ಮೇಜಿನ ಮೇಲಿನ ಹಾಜರಿ ಪುಸ್ತಕವನ್ನು ಬದಿಗೆ ಸರಿಸಿದರು. ಆಮೇಲೆ ಮಂಜುಳಾಳನ್ನು ಹತ್ತಿರ ಕರೆದು ಮುಂದಿನ ಬೆಂಚಿನಲ್ಲಿ ಕೂಡಿಸಿದರು.

"ಬ್ಯಾಸಗಿ ಸೂಟ್ಯಾಗ ದಿನಾ ಮುಂಜಾನೆ ಈಕಿನ್ನ ಕಳಸು. ನಾ ಬರತೇನಿ. ಅಕ್ಷರದಿಂದ ಸುರು ಮಾಡೋಣು." ಎದ್ದು ಸೀಮೆಸುಣ್ಣ ತೆಗೆದುಕೊಂಡರು. "ಈಗ ನಿಂದು ಹೇಳು. ಯಾವ ಲೆಕ್ಕ?"

ತಾಯವ್ವ ನೆನಪಿಸಿಕೊಳ್ಳುವ ಗೋಜಿಗೇ ಹೋಗಲಿಲ್ಲ. "ಸಾವಿರದಾ ಎರಡನೂರಾ ಇಪ್ಪತ್ನಾಲ್ಕನ್ನ ಹನ್ನೆರಡರಿಂದ ಭಾಗಸೂದ್ರಿ. ನಾ ಹನ್ನೆರಡು ಅಂತ ಬರದಿದ್ನಿ."

ಮಾಸ್ತರರು ಹಲಗೆಯ ಮೇಲೆ ಬರೆದರು. "ಹನ್ನೆರಡೊಂದ್ಲೆ ಹನ್ನೆರಡು. ಮ್ಯಾಲ ಒಂದು. ಈಗ ಎರಡನ್ನ ಕೆಳಗ ಇಳಿಸಿದಿ. ಎರಡರಾಗ ಹನ್ನೆರಡು ಹೋಗತೈತೇನು?"

"ಇಲ್ರಿ."

"ಹೋಗಲಿಲ್ಲಂದ್ರ ಮ್ಯಾಲ ಒಂದು ಸೊನ್ನಿ ಇಡಬೇಕು. ಅದನ್ನ ನೀ ಇಡಲಿಲ್ಲ. ಆಮ್ಯಾಲ ನಾಲ್ಕು ಇಳಿಸು, ಇಪ್ಪತ್ನಾಲ್ಕಾತು. ಹನ್ನೆರಡೆರಡ್ಲೆ ಇಪ್ಪತ್ನಾಲ್ಕು. ಎಷ್ಟಾತು?"

"ನೂರಾ ಎರಡ್ರಿ," ಎಂದಳು ತಾಯವ್ವ.

ಎರಡು ನಿಮಿಷವೂ ಹಿಡಿದಿರಲಿಲ್ಲ. ಆಕೆ ಹಲಗೆಯ ಹತ್ತಿರ ಬಂದು ಒಂದರ ಮತ್ತು ಎರಡರ ನಡುವೆ ಕೂತಿದ್ದ ಆ ಸೊನ್ನೆಯನ್ನು ನೋಡುತ್ತ ನಿಂತಳು.

"ಇಷ್ಟಽ ಏನ್ರಿ ಸರ?"